ಅರ್ಧ ಗಿಳಿಹಸಿರು ಗೋಡೆ

ನಮ್ಮ ಮನೆಯ ಮುಂಬಾಗಿಲಿಗೆ ಹಿತ್ತಾಳೆಯ ಫಲಕ ಬಡಿದ ದಿನ ನಾನು ಓಣಿಗೆಲ್ಲ ಪೇಢೆ ಹಂಚಿದೆ. ‘ಪಾರಂಪರಿಕ ಕಟ್ಟಡ’ ಎಂದು ಬರೆದಿತ್ತು, ಕೆಳಗೆ ಪುರಸಭೆಯ ಮುದ್ರೆ. ಗಜೇಂದ್ರಗಡದ ಹಳೇ ಪೇಟೆಯಲ್ಲಿ ಅಂಥ ಫಲಕ ಸಿಕ್ಕಿದ್ದು ಕೆಲವೇ ಮನೆಗಳಿಗೆ. ನಾನು ಅದನ್ನು ಬಹುಮಾನ ಎಂದು ತಿಳಿದಿದ್ದೆ. ಎದುರು ಮನೆಯ ಕಮರುನ್ನಿಸಾ ಪೇಢೆ ತಿಂದು, ಫಲಕ ಓದಿ, ಇನ್ನೊಂದು ಪೇಢೆ ತೆಗೆದುಕೊಂಡು ಹೇಳಿದಳು.

“ನೀಲವ್ವಾ, ಇದು ಬಹುಮಾನ ಅಲ್ಲವಾ, ಕೈಗೆ ಬೇಡಿ. ಇನ್ನ ಮ್ಯಾಲ ನೀ ಒಂದು ಮೊಳಿ ಹೊಡೀಬೇಕಂದ್ರೂ ಅವರನ್ನ ಕೇಳಬೇಕು.”

“ನಿನಗ ಹೊಟ್ಟಿಕಿಚ್ಚು,” ಎಂದೆ. ಆಕೆ ನಕ್ಕು ಮೂರನೆಯ ಪೇಢೆಯನ್ನೂ ತಿಂದಳು.

ಆಕೆ ಹೇಳಿದ್ದು ಖರೆ ಎಂದು ಗೊತ್ತಾದದ್ದು ಮಗಳ ಮದುವೆಯ ಹಿಂದಿನ ದಿನ.

ನಮ್ಮ ಕಡೆ ಮದುವೆಯನ್ನು ಊರಿಗೆ ಹೇಳುವುದು ಗೋಡೆ. ಬೀದಿಯ ಕಡೆಯ ಗೋಡೆಗೆ ಹೊಸ ಬಣ್ಣ ಬಳಿಸಿ, ಬಾಗಿಲ ಎರಡೂ ಕಡೆ ಆನೆ, ಅದರ ಮೇಲೆ ಗಿಳಿಗಳ ಜೋಡಿ, ನಡುವೆ ವರನ ಹೆಸರು, ವಧುವಿನ ಹೆಸರು. ಲಗ್ನಪತ್ರಿಕೆಯನ್ನು ಯಾರೂ ಓದುವುದಿಲ್ಲ, ಗೋಡೆಯನ್ನು ಓದದೆ ಯಾರೂ ದಾಟುವುದಿಲ್ಲ. ಹೆಸರು ಗೋಡೆಯ ಮೇಲೆ ಬಿದ್ದ ನಂತರವೇ ಹುಡುಗಿಗೆ ಅರಿಷಿಣ ಹಚ್ಚುವುದು. ಹೆಸರಿಲ್ಲದ ಗೋಡೆಯ ಮುಂದೆ ಬೀಗರು ಗಾಡಿಯಿಂದ ಇಳಿದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ.

ಮಗಳ ಹೆಸರನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳಿಗೆ ಅಜ್ಜಿಯ ಹೆಸರಿಟ್ಟಿದ್ದಾರೆ, ಸಿದ್ದವ್ವ. ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಿ ಬಿಟ್ಟು ಕರೆಯುವಂತಿಲ್ಲ. ಅದಕ್ಕೆ ತೊಟ್ಟಿಲಲ್ಲಿದ್ದಾಗಿನಿಂದ ನಾನು ಚಿನ್ನು ಎಂದೆ, ಊರೂ ಚಿನ್ನು ಎಂದಿತು. ಈಗ ಬರೆಯುತ್ತಿದ್ದೇನೆ, ಕರೆಯುತ್ತಿಲ್ಲ. ಆದ್ದರಿಂದ ತಪ್ಪಿಲ್ಲ. ವರ ಕೊಣ್ಣೂರಿನ ಫಕೀರೇಶ. ಬೀಗರು ಸಂಜೆ ಅರಿಷಿಣ, ಸೀರೆ ತಗೊಂಡು ಬರುವುದಿತ್ತು.

ಬಣ್ಣ ಬಳಿಯುವ ಗೌಸುಸಾಬ ಮೂರು ದಿನ ಮೊದಲೇ ಬರಬೇಕಾಗಿತ್ತು. ಬಂದದ್ದು ಹಿಂದಿನ ದಿನ ಮುಂಜಾನೆ. ಬೈದೆ. ಬೈಸಿಕೊಂಡು, ಚಹಾ ಕುಡಿದು, ಗಿಳಿಹಸಿರು ಕಲಸಿದ. ಆ ಬಣ್ಣವನ್ನು ನಾನೇ ಆರಿಸಿದ್ದೆ, ಬಸ್‌ಸ್ಟ್ಯಾಂಡಿನಿಂದಲೇ ಕಾಣಬೇಕು ಎಂದು. ಬಾಗಿಲ ಎಡಗಡೆ ಪೂರ್ತಿ ಹಸಿರಾಗುವ ಹೊತ್ತಿಗೆ ಒಂದು ಸ್ಕೂಟಿ ಬಂದು ನಿಂತಿತು.

ಇಳಿದವಳು ನಮ್ರತಾ, ಪುರಸಭೆಯ ಹೊಸ ಇಂಜಿನಿಯರು, ಹಳೇ ಕಟ್ಟಡಗಳ ಸಮಿತಿ ನೋಡಿಕೊಳ್ಳುವವಳು.

“ಅಜ್ಜಾರ, ಕುಂಚ ಕೆಳಗ ಇಡ್ರಿ,” ಎಂದಳು.

ಗೌಸುಸಾಬ ಇಟ್ಟ. ಅವನಿಗೆ ಕುಂಚ ಕೆಳಗಿಡಲು ಯಾರು ಹೇಳಿದರೂ ಸಾಕು.

“ಯಾಕ್ರಿ?” ಎಂದೆ.

“ಫಲಕ ಇರೋ ಮನಿ ಮುಂಭಾಗ ಬದಲಿ ಮಾಡಬೇಕಂದ್ರ ಸಮಿತಿ ಒಪ್ಪಿಗಿ ಬೇಕ್ರಿ. ಬಣ್ಣಾನೂ ಬದಲಿನ.”

“ಸಮಿತಿ ಯಾವಾಗ ಕೂಡತೈತಿ?”

“ಮುಂದಿನ ತಿಂಗಳ.”

“ಮದುವಿ ನಾಳೆ ಐತಿ! ಅರ್ಧ ಹಸರ, ಅರ್ಧ ಹಳೇ ಹಳದಿ! ಬೀಗರು ನೋಡಿ ಏನಂದಾರು, ಮನಿಗೆ ಕಾಮಾಲಿ ಆಗೇತಿ ಅಂದಾರು! ನಿಮ್ಮ ಮದುವ್ಯಾಗ ಗೋಡಿ ಹಿಂಗ ಬಿಟ್ಟಿದ್ರೇನು?”

“ನನ್ನ ಮದುವಿ ಆಗಿಲ್ರಿ.”

“ಅದಕ್ಕ!” ಎಂದೆ.

ಆಕೆಗೆ ನಗು ಬಂತು. ನನಗೆ ಇನ್ನೂ ಸಿಟ್ಟು ಬಂತು. ಸಿಟ್ಟು ತರಿಸಿದವರು ನಗಬಾರದು, ಜಗಳ ಕೆಡುತ್ತದೆ.

“ಸಮಿತಿ ಅಂದ್ರ ಯಾರ್ಯಾರು?”

“ನಾನು, ಮತ್ತ ಗೋಪಾಲಕೃಷ್ಣ ಮಾಸ್ತರು. ಮೂರನೇದವರು ಧಾರವಾಡದಾಗ ಇರತಾರ, ಫೋನಿನಾಗ ಹ್ಞೂಂ ಅಂತಾರ.”

ಗೋಪಾಲಕೃಷ್ಣ ಮಾಸ್ತರರು ರಾಜೂರ ಸಾಲೆಯಲ್ಲಿ ನನಗೆ ಇತಿಹಾಸ ಕಲಿಸಿದವರು. ಅವರ ಮನೆ ಎರಡು ಓಣಿ ಆಚೆ. ಹೋದೆ. ಊಟಕ್ಕೆ ಕೂತಿದ್ದರು. ಅವರ ಹೆಂಡತಿ ವಸುಧಾಬಾಯಿ ಹುಳಿ ಬಡಿಸುತ್ತಿದ್ದರು. ಅನ್ನ ಮುಗಿಯುವ ತನಕ ಬಾಗಿಲಲ್ಲಿ ನಿಂತೆ, ಮಜ್ಜಿಗೆಗೆ ಬಿಡಲಿಲ್ಲ.

ಮಾಸ್ತರರು ಗೋಡೆಯ ಮುಂದೆ ಬಂದು ಕನ್ನಡಕ ಏರಿಸಿದರು. ಹಸಿರನ್ನು ನೋಡಿ ಕನ್ನಡಕ ತೆಗೆದೇಬಿಟ್ಟರು.

“ನೀಲವ್ವ, ನಿನಗ ಸಾಲ್ಯಾಗೂ ಬಣ್ಣದ ತಿಳುವಳಿಕಿ ಇರಲಿಲ್ಲ. ಈ ಮನಿ ನೂರು ವರ್ಷ ಮ್ಯಾಲಿನದು. ಇದರ ಮೂಲ ಬಣ್ಣ ಸುಣ್ಣದ ಬಿಳಿ. ಶುಭ್ರ ಬಿಳಿ! ಅದನ್ನ ಬಳಕೋತೀಯೋ, ಈಗಿಂದೀಗ ಒಪ್ಪಿಗಿ.”

“ಬಿಳಿ ಗೋಡಿ ಮುಂದ ಮದುವಿ ಮಾಡಾಕ ಇದೇನು ದವಾಖಾನೀನ್ರಿ?”

“ನೇಮ ಹಾಂಗ ಐತಿ,” ಎಂದಳು ನಮ್ರತಾ. “ಮೂಲ ಬಣ್ಣ ಯಾವುದಿತ್ತೋ ಅದಕ್ಕ ಲಗೂ ಒಪ್ಪಿಗಿ ಕೊಡಬಹುದು.”

“ಹಂಗಾರ ಕೆರದ ನೋಡ್ರಿ!” ಎಂದೆ. “ಬಿಳಿ ಇತ್ತಂದ್ರ ನಾನ ಬಳೀತೀನಿ.”

ಗೌಸುಸಾಬ ಕೆರೆಯುವ ಪಟ್ಟಿ ಹಿಡಿದು ಬಲಗಡೆ ಒಂದು ಗೇಣು ಕೆರೆದ. ಹಳದಿ ಉದುರಿತು. ಕೆಳಗೆ ಆಕಾಶನೀಲಿ. ಅದರಲ್ಲಿ ಒಂದು ಕೊಕ್ಕು.

“ಕೋಳಿ,” ಎಂದರು ಮಾಸ್ತರರು.

“ಗಿಳಿರೀ!” ಎಂದ ಗೌಸುಸಾಬ. “ನಾನ ಬರದದ್ದು. ನೀಲವ್ವನ ಮದುವ್ಯಾಗ.”

ಇನ್ನಷ್ಟು ಕೆರೆದ. ‘ಕಳಕೇಶ – ನೀಲವ್ವ’. ನನ್ನ ಹೆಸರು! ಬಣ್ಣ ಬಳಿಯುತ್ತ ಬಳಿಯುತ್ತ ಅದು ಅಲ್ಲೇ ಕೆಳಗೆ ಇದೆ ಎಂಬುದನ್ನೇ ನಾನು ಮರೆತಿದ್ದೆ. ಗಂಡನನ್ನು ಕೂಗಿದೆ. ಅವರು ಪೇಟೆಯಿಂದ ಬಾಳೆಗೊನೆ ಹೊತ್ತು ಬಂದವರು ಗೊನೆ ಸಮೇತ ನಿಂತು ನೋಡಿದರು.

“ನಮ್ಮ ಮ್ಯಾಲ ಎರಡು ಕೋಳಿ ಅದಾವಲ್ಲ,” ಎಂದರು.

“ಗಿಳಿರೀ!”

ಇಷ್ಟಾದ ಮೇಲೆ ಕೈ ನಿಲ್ಲುತ್ತದೆಯೇ? ಕಮರುನ್ನಿಸಾ ರೊಟ್ಟಿ ಮಗುಚುವ ಚುಂಚಕ ತಂದಳು. ನನ್ನ ಗಂಡ ಗೊನೆ ಇಳಿಸಿ ಬೀಗದ ಕೈಯಿಂದ ಕೆರೆಯತೊಡಗಿದರು. ಚಪ್ಪರ ಹಾಕಲು ಬಂದಿದ್ದ ಬಸ್ಯಾ ಏಣಿಯನ್ನು ಇತ್ತ ತಂದ. ಓಣಿಯ ಹೆಂಗಸರು ಒಗ್ಗರಣೆ ಅವಲಕ್ಕಿ ಬಟ್ಟಲು ಹಿಡಿದು ಎದುರು ಕಟ್ಟೆಯ ಮೇಲೆ ಕೂತರು. ನೀಲಿಯ ಕೆಳಗೆ ಗುಲಾಬಿ ಬಂತು, ನಮ್ಮ ನಾದಿನಿಯ ಮದುವೆಯದು. ಅಲ್ಲೂ ಗೌಸುಸಾಬನ ಜೋಡಿ ಕೋಳಿ. ಹೆಂಗಸರು ಚಪ್ಪಾಳೆ ಹೊಡೆದರು. ನಮ್ರತಾ ಮೊದಲು ಫೋಟೋ ತೆಗೆಯುತ್ತಿದ್ದವಳು ಫೋನನ್ನು ಸೊಂಟಕ್ಕೆ ಸಿಗಿಸಿ ತಾನೂ ಕೆರೆಯಲು ಚಮಚ ಕೇಳಿದಳು.

“ಸಾವಕಾಶ! ಸಾವಕಾಶ! ಇತಿಹಾಸ ಅದು!” ಎಂದು ಮಾಸ್ತರರು ಕೂಗುತ್ತಲೇ ಇದ್ದರು. ಕೂಗುತ್ತ ಕೂಗುತ್ತ ತಮ್ಮ ಉಗುರಿನಿಂದ ಒಂದು ಮೂಲೆ ಕೆರೆದುಬಿಟ್ಟರು.

“ಹಸರ!” ಎಂದು ಚೀರಿದವರೂ ಅವರೇ.

ಗುಲಾಬಿಯ ಕೆಳಗೆ ಗಿಳಿಹಸಿರು. ನನ್ನದೇ ಹಸಿರು, ಕೂದಲೆಳೆಯಷ್ಟೂ ಬೇರೆ ಇಲ್ಲ. ನಾನು ಕುಣಿದೆ. ಹೌದು, ನಡುಬೀದಿಯಲ್ಲಿ, ನಾಳೆ ಅತ್ತೆಯಾಗುವವಳು. ಅದರ ಮೇಲಿನ ಹೆಸರುಗಳನ್ನು ಗೌಸುಸಾಬನೇ ಕೆರೆದು ಹೊರತೆಗೆದ. ಬಣ್ಣ ಎದ್ದು ಕಾಣಲಿ ಎಂದು ಒಂದು ತಂಬಿಗೆ ನೀರು ಚಿಮುಕಿಸಿದ. ಗೋಡೆ ಈಗಷ್ಟೇ ಬರೆದಂತೆ ಮಿರಿಮಿರಿ ಮಿಂಚಿತು.

‘ಚಿ. ಮಹಾಲಿಂಗಪ್ಪ – ಚಿ.ಸೌ. ಸಿದ್ದವ್ವ’.

ನಮ್ಮ ಮಾವ, ನಮ್ಮ ಅತ್ತೆ. ತಾರೀಖು ಇದ್ದ ಕಡೆ ಇನ್ನೂ ಗುಲಾಬಿ ಬಣ್ಣವೇ ಮುಚ್ಚಿತ್ತು.

“ಇದು ನಮ್ಮಪ್ಪನ ಕೈ,” ಎಂದ ಗೌಸುಸಾಬ, ಕಣ್ಣು ಒರೆಸಿಕೊಂಡು.

“ಹೌದ್ಹೌದು,” ಎಂದಳು ಕಮರುನ್ನಿಸಾ. “ಅವನೂ ಕೋಳಿನ ಬರದಾನ.”

ಅದರ ಕೆಳಗೆ ಕೆಮ್ಮಣ್ಣಿನ ಗಿಲಾವು, ಅದರ ಕೆಳಗೆ ಕಲ್ಲು. ಬಿಳಿ ಎಲ್ಲೂ ಇಲ್ಲ. ಮಾಸ್ತರರು ಕಲ್ಲನ್ನು ಮುಟ್ಟಿ ಮುಟ್ಟಿ ನೋಡಿದರು, ಅದೇ ಸುಣ್ಣ ಬಿಡುತ್ತದೇನೋ ಎಂಬಂತೆ.

“ಈಗ ಹೇಳ್ರಿ ಸರ್! ನನ್ನ ಹಸರ ಮೂಲ ಬಣ್ಣ ಹೌದೋ ಅಲ್ಲೋ?”

“ಹೌದವಾ. ಆದರ ಈಗ ಹೊಸ ತೊಂದರಿ ಆತಲ್ಲ. ಇಷ್ಟು ಚಂದಂದು ಹೊರಗ ಬಂದ ಮ್ಯಾಲ ಇದರ ಮ್ಯಾಲ ಬಣ್ಣ ಹಚ್ಚಾಕ ನಾ ಬಿಡಂಗಿಲ್ಲ.”

“ಮತ್ತ ನನ್ನ ಮಗಳ ಹೆಸರು ನಿಮ್ಮ ಬೆನ್ನ ಮ್ಯಾಲ ಬರೀಲ್ಯಾ?”

ಆಗ ಓಣಿಯ ತುದಿಯಲ್ಲಿ ಟೆಂಪೋದ ಹಾರನ್ನು ಕೇಳಿಸಿತು. ಕೊಣ್ಣೂರಿನ ಬೀಗರು! ಹೊಳೆ ಏರುತ್ತಿದೆ, ಸೇತುವೆ ಮುಳುಗುವ ಮೊದಲೇ ದಾಟಿಬಿಡೋಣ ಎಂದು ಊಟ ಬಿಟ್ಟು ಹೊರಟು ಮಧ್ಯಾಹ್ನವೇ ಬಂದುಬಿಟ್ಟಿದ್ದರು. ನನ್ನ ಕೂದಲಲ್ಲಿ ಗುಲಾಬಿ ಪುಡಿ. ನನ್ನ ಗಂಡನ ಮೀಸೆ ನೀಲಿ. ಗೋಡೆಯ ಮೇಲೆ ಅರ್ಧ ಹಸಿರು, ಅರ್ಧ ಗಾಯ, ನಡುವೆ ಒದ್ದೆಯಾಗಿ ಹೊಳೆಯುವ ಒಂದು ಜೋಡಿ ಹೆಸರು. ಅದರಲ್ಲಿ ಫಕೀರೇಶನ ಹೆಸರಿಲ್ಲ.

ಮೊದಲು ಇಳಿದವನು ವರನ ಸೋದರಮಾವ, ದೊಡ್ಡ ರುಮಾಲಿನ ಆಳು. ಇಳಿದ, ಓದಿದ, ಅರಿಷಿಣದ ಬಟ್ಟಲನ್ನು ಟೆಂಪೋದ ಒಳಗೆ ವಾಪಸು ಇಟ್ಟ.

“ಹುಡುಗಿ ಹೆಸರು ಸಿದ್ದವ್ವ, ಖರೆ. ಈ ಮಹಾಲಿಂಗಪ್ಪ ಯಾಂವ?”

ನಾನು ಬಾಯಿ ತೆರೆದೆ. ಮಾತಿನ ಬದಲು ನಗು ಬಂತು. ಹೆದರಿಕೆಯೂ ಅಷ್ಟೇ ಇತ್ತು. ಎರಡೂ ಕೂಡಿ ಬಿಕ್ಕಳಿಕೆ ಹತ್ತಿತು.

“ನಗತಾಳ ನೋಡು! ಹೊಳ್ಯಾಗ ಜೀವಾ ಒತ್ತಿ ಇಟ್ಟು ಬಂದೇವಿ, ಇಲ್ಲಿ ಬ್ಯಾರೆ ವರನ ಹೆಸರು ಬರಿಸ್ಯಾರ! ಬಣ್ಣ ಇನ್ನೂ ಹಸೀ ಐತಿ! ಏ ಡ್ರೈವರಾ, ಗಾಡಿ ತಿರುಗಸು!”

“ಬೀಗರ, ಅದು ಹಳೇದ್ರಿ—” ಎಂದರು ನನ್ನ ಗಂಡ.

“ಹಳೇದಿದ್ರ ಒದ್ದಿ ಯಾಕ ಐತಿ? ಮೊದಲ ಆ ಮಹಾಲಿಂಗಪ್ಪನ್ನ ಹೊರಗ ಕರೀರಿ! ಮಾರಿ ನೋಡೇ ಹೋಗತೇನಿ!”

ಹೆಸರು ಹಿಡಿದು ಕರೆದದ್ದು ಒಳಗಿನ ಪಡಸಾಲೆಗೆ ಕೇಳಿಸಿತು. ಎಂಬತ್ತು ದಾಟಿದ ನಮ್ಮ ಮಾವ ಮದುವೆಯ ಹೊಸ ಧೋತರ ಉಟ್ಟು, ಕೋಲು ಊರಿಕೊಂಡು ಬಾಗಿಲಿಗೆ ಬಂದರು. ಹಿಂದೆಯೇ ಅತ್ತೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಅರ್ಧ ಕಟ್ಟಿದ ಕರ್ಚಿಕಾಯಿ.

“ನಾನ ಮಹಾಲಿಂಗಪ್ಪ. ಯಾಕ ಕರದಿ?”

ಸೋದರಮಾವ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಗೋಡೆಯನ್ನು ನೋಡಿದ. ಮತ್ತೆ ಅವರನ್ನು ನೋಡಿದ.

“ಸಿದ್ದವ್ವನ್ನ… ನೀವು…?”

“ಹ್ಞೂಂ, ನಾನ ಮಾಡಿಕೊಂಡೇನಿ,” ಎಂದರು ಮಾವ. “ಯಾಕ, ನಿನಗ ಬೇಕಾಗಿದ್ಲೇನು? ತಡಾ ಮಾಡಿ ಬಂದಿ ನೋಡು.”

ಅತ್ತೆ ಮುಂದೆ ಬಂದು ಗೋಡೆ ನೋಡಿದರು. ಅಕ್ಷರ ಬಾರದಿದ್ದರೂ ಆ ಹಸಿರು ಅವರಿಗೆ ಗೊತ್ತಿತ್ತು.

“ಅಯ್ಯ ನಮ್ಮವ್ವ! ನನ್ನ ಮದುವಿ ಗೋಡಿ!” ಎಂದು ಕರ್ಚಿಕಾಯಿ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡರು. “ಆ ಕೋಳಿ ಇನ್ನೂ ಅದಾವ!”

ಮೊದಲು ಟೆಂಪೋದ ಡ್ರೈವರ ನಕ್ಕ. ಆಮೇಲೆ ಬೀಗರ ಹೆಂಗಸರು. ಆಮೇಲೆ ಕಟ್ಟೆಯ ಹೆಂಗಸರು, ಅವಲಕ್ಕಿ ಚೆಲ್ಲಿಕೊಂಡು. ಸೋದರಮಾವ ತಡೆದುಕೊಂಡ, ತಡೆದುಕೊಂಡ, ಕೊನೆಗೆ ರುಮಾಲು ಕಳಚಿ ಅದರಲ್ಲೇ ಮುಖ ಮುಚ್ಚಿ ಕುಲುಕಾಡಿದ. ಹುಡುಗನ ತಾಯಿ ಅರಿಷಿಣದ ಬಟ್ಟಲನ್ನು ತಿರುಗಿ ಇಳಿಸಿಕೊಂಡಳು.

“ಹೆಸರು ಗೋಡಿ ಮ್ಯಾಲ ಬಿದ್ದ ಮ್ಯಾಲ ಅರಿಷಿಣ ಹಚ್ಚಲಿಕ್ಕೇ ಬೇಕಲ್ರಿ!” ಎಂದು ನಮ್ಮ ಅತ್ತೆಯ ಎರಡೂ ಗಲ್ಲಕ್ಕೆ ಬಳಿದಳು. ಮಾವ ತಾವೇ ಮುಖ ಮುಂದೆ ಒಡ್ಡಿದರು.

ಗದ್ದಲ ಕೇಳಿ ಚಿನ್ನು ಹಸಿ ಮೆಹಂದಿ ಕೈ ಎತ್ತಿಕೊಂಡು ಓಡಿಬಂದಳು.

“ಅವ್ವಾ, ನನ್ನ ಹೆಸರೆಲ್ಲಿ?”

ನಾನು ಮಾಸ್ತರರನ್ನು ನೋಡಿದೆ. ಬೈಯಲಿಲ್ಲ. ಬೈಯಬೇಕೆಂದಿದ್ದೆ, ಬಿಕ್ಕಳಿಕೆ ಬಿಡಲಿಲ್ಲ.

ಮಾಸ್ತರರು ಅರಿಷಿಣ ಮೆತ್ತಿದ ನಮ್ಮ ಮಾವನನ್ನು ನೋಡಿದರು, ಗೋಡೆಯನ್ನು ನೋಡಿದರು, ನಮ್ರತಾಳ ಕಿವಿಯಲ್ಲಿ ಏನೋ ಅಂದರು. ಅವಳು ಧಾರವಾಡಕ್ಕೆ ಫೋನು ಹಚ್ಚಿದಳು. ಅತ್ತಲಿಂದ ಹ್ಞೂಂ ಎಂದದ್ದು ನಮಗೂ ಕೇಳಿಸಿತು. ಟೆಂಪೋದ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದು, ಸಾಲೆಯ ಮಕ್ಕಳಂತೆ ಗಟ್ಟಿಯಾಗಿ ಓದಿದಳು.

“ಈ ಮನೆಯ ಮುಖಗೋಡೆ ಪ್ರತಿ ಮದುವೆಗೂ ಬಣ್ಣ ಬದಲಿಸುತ್ತ ಬಂದಿದೆ. ಬದಲಿಸುವುದೇ ಇದರ ಪರಂಪರೆ. ಈಗ ಕೆರೆದ ಭಾಗವನ್ನು ಹಾಗೆಯೇ ಕಾಣುವಂತೆ ಬಿಟ್ಟು, ಉಳಿದದ್ದಕ್ಕೆ ಹಸಿರು ಬಳಿದು, ಹೊಸ ಹೆಸರು ಬರೆಯಲು ಒಪ್ಪಿಗೆ ಇದೆ. ಬಿಟ್ಟ ಭಾಗಕ್ಕೆ ಮಾತ್ರ ಯಾರೂ ಕೈ ಹಚ್ಚತಕ್ಕದ್ದಲ್ಲ.”

“ಗೌಸುಸಾಬ!” ಎಂದೆ. ಬಿಕ್ಕಳಿಕೆ ನಿಂತೇಹೋಯಿತು.

ಅವನು ಜೀವನದಲ್ಲೇ ಮೊದಲ ಸಲ ಲಗೂ ಲಗೂ ಕೆಲಸ ಮಾಡಿದ. ಬೀಗರ ಗಂಡಸರು ರುಮಾಲು ತೆಗೆದಿಟ್ಟು ಬಲಗಡೆ ಹಸಿರು ಬಳಿದರು. ಸೋದರಮಾವ ಏಣಿ ಹಿಡಿದ. ಇಳಿಬಿಸಿಲಿಗೆ ಬಾಗಿಲ ಮೇಲೆ ‘ಫಕೀರೇಶ – ಸಿದ್ದವ್ವ’ ಬಿತ್ತು, ಕೆಂಪು ಅಕ್ಷರದಲ್ಲಿ, ಹಳದಿ ಅಂಚು. ಚಿನ್ನು ಅದನ್ನು ನೋಡಿ, ನನ್ನ ಹೆಗಲಿಗೆ ಮೆಹಂದಿ ಮೆತ್ತಿ ಅತ್ತಳು. ಅವಳ ಗಲ್ಲಕ್ಕೂ ಅರಿಷಿಣ ಬಿತ್ತು. ಮೇಲೆ ಹೊಸ ಜೋಡಿ ಹಕ್ಕಿ. ಅವು ಏನು ಎಂದು ಈ ಸಲ ಯಾರೂ ಕೇಳಲಿಲ್ಲ.

ನಮ್ರತಾ ನಮ್ಮ ಪಡಸಾಲೆಯಲ್ಲಿ ಕೂತು ಕರ್ಚಿಕಾಯಿ ತಿನ್ನುತ್ತಿದ್ದಾಗ ಮಾವ ಹತ್ತಿರ ಹೋದರು.

“ಬಾಯಾರ, ನಮ್ಮ ಮದುವಿ ಗಿಳಿ ಕೊಕ್ಕು ಮಾಸೇತಿ. ಒಂದೀಟು ಕೆಂಪು ಹಚ್ಚಲೇನು?”

“ಅಜ್ಜಾರ, ಆ ಭಾಗಕ್ಕ ಕೈ ಹಚ್ಚಂಗಿಲ್ರಿ. ಅರ್ಜಿ ಕೊಡ್ರಿ, ಮುಂದಿನ ತಿಂಗಳ ಸಮಿತ್ಯಾಗ ನೋಡೋಣು.”

“ಕೊಡತೇನವಾ, ಕೊಡತೇನಿ,” ಎಂದರು ಮಾವ, ಬಹಳ ನಮ್ರತೆಯಿಂದ.

ನಾನು ಬಾಗಿಲ ಹೊರಗೆ ಬಂದು ನೋಡಿದೆ. ಗೌಸುಸಾಬ ಕುಂಚವನ್ನು ಬೆನ್ನ ಹಿಂದೆ ಇಟ್ಟುಕೊಂಡು ಆಕಾಶ ನೋಡುತ್ತ ನಿಂತಿದ್ದ. ಅವನಪ್ಪ ಬರೆದ ಕೋಳಿಯ ಕೊಕ್ಕು ಆಗಲೇ ಕೆಂಪಾಗಿತ್ತು.