ದಂಡೆಯ ಮೇಲೆ ನಡೆದ ಕಪ್ತಾನ

ನನ್ನ ಅಕ್ಕ ಆಡ್ರಿಯ ಗಂಡ ಮರ್ವಿನ್ ಕವೆಂಟ್ರಿಯಲ್ಲಿ ಮೂವತ್ತೆರಡು ವರ್ಷ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ಕಾಲುವೆಯಲ್ಲಿ ಓಡಾಡುವ ಉದ್ದನೆಯ, ಕಿರಿದಾದ ದೋಣಿಯೊಂದನ್ನು ಕೊಂಡು ಅದಕ್ಕೆ ತನ್ನ ತಾಯಿ ಮಾರ್ಜೊರಿಯ ಹೆಸರಿಟ್ಟ. ಹನ್ನೊಂದು ಬೇಸಿಗೆ ಕಳೆದರೂ ಚುಕ್ಕಾಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್ ಕಟ್ಟೆ ಬಂದಾಗಲೆಲ್ಲ ಇಳಿದು ತೂಬು ಎತ್ತಿ, ಆ ದೈತ್ಯ ಮರದ ಬಾಗಿಲುಗಳನ್ನು ಬೆನ್ನು ಕೊಟ್ಟು ದೂಡುವುದು ಅಕ್ಕನ ಪಾಲು.

"ಅತ್ತೆ ಹೆಸರಿನ ದೋಣಿ ಅಲ್ವಾ, ಸೊಸೆಗೆ ಹೊರಗಿನ ಕೆಲಸಾನೇ ಗತಿ" ಎಂದು ಅಕ್ಕ ನಗುತ್ತಿದ್ದಳು.

ಕಳೆದ ಜುಲೈನಲ್ಲಿ ನಾನೂ ಅವರ ಜೊತೆ ಒಂದು ವಾರ ಇದ್ದೆ. ಒಂದು ಬೆಳಿಗ್ಗೆ ಅಕ್ಕನ ಮೊಣಕಾಲು ಊದಿಕೊಂಡಿತ್ತು. ನಾನೋ, ಸೊಂಟದ ಆಪರೇಷನ್ ಆದವಳು. ಮರ್ವಿನ್ ನಮ್ಮಿಬ್ಬರನ್ನೂ ನೋಡಿದ, ಆಕಾಶ ನೋಡಿದ, ಕೊನೆಗೆ ಬಾಗಿಲು ದೂಡಲು ತಾನೇ ಇಳಿಯುವುದೆಂದು ಚುಕ್ಕಾಣಿಯನ್ನು ಅಕ್ಕನ ಕೈಗೆ ಬಿಟ್ಟ.

"ಎಡಕ್ಕೆ ತಳ್ಳಿದ್ರೆ ಮೂತಿ ಬಲಕ್ಕೆ ಹೋಗುತ್ತೆ. ನೆನಪಿರುತ್ತಾ?"

"ಮೂವತ್ತೆಂಟು ವರ್ಷದಿಂದ ನಿನ್ನನ್ನ ಹಾಗೇ ತಾನೇ ನಡೆಸ್ತಿರೋದು!" ಎಂದಳು ಅಕ್ಕ.

ಮೊದಲ ಲಾಕ್ ಪಕ್ಕದಲ್ಲೇ ಒಂದು ಪಬ್. ಬಿಯರ್ ಹಿಡಿದು ಕೂತ ನಾಲ್ವರು ನಮ್ಮನ್ನೇ ನೋಡುತ್ತಿದ್ದರು. ಲಾಕ್ ಬಾಗಿಲ ಬಳಿಯಿಂದ ಮರ್ವಿನ್ ಕೂಗಿದ: "ನಿಧಾನ! ನಿಧಾನ ಕಣೇ!"

ಮೂರು ಬಾತುಕೋಳಿಗಳು ನಮ್ಮನ್ನು ದಾಟಿ ಮುಂದೆ ಹೋದವು.

"ಇನ್ನೂ ನಿಧಾನ ಅಂದ್ರೆ ಹಿಂದಕ್ಕೇ ಹೋಗ್ಬೇಕು!" ಅಕ್ಕ ತಿರುಗಿ ಕೂಗಿದಳು.

ದೋಣಿ ಎರಡೂ ಗೋಡೆಗಳನ್ನು ಮುಟ್ಟದೆ ಒಳಗೆ ಜಾರಿತು. ಪಬ್ಬಿನವರು ಚಪ್ಪಾಳೆ ತಟ್ಟಿದರು. ಬೆವರು ಒರೆಸಿಕೊಂಡವನು ಮಾತ್ರ ಮರ್ವಿನ್.

ನೀರು ತುಂಬಿ, ಮೇಲಿನ ಬಾಗಿಲು ತೆರೆದು, ನಾವು ಹೊರಬಿದ್ದೆವು. ಮರ್ವಿನ್ ಬಾಗಿಲು ಮುಚ್ಚಿ ಬಂದು, ಹತ್ತಲು ಒಂದು ಕಾಲು ಮುಂದಿಟ್ಟು ದಂಡೆಯಲ್ಲಿ ನಿಂತ. ದೋಣಿ ಅವನ ಮುಂದೆಯೇ ಹಾದುಹೋಯಿತು.

"ಆಡ್ರಿ! ನಿಲ್ಸು!"

"ನಿಲ್ಸೋದನ್ನ ನೀನು ಹೇಳಿಕೊಡಲೇ ಇಲ್ವಲ್ಲ!"

ಅವನು ನಡೆಯತೊಡಗಿದ. ನಮ್ಮ ದೋಣಿಯದೂ ನಡಿಗೆಯ ವೇಗವೇ.

"ಆ ಇಂಜಿನ್ ಹಿಡಿ ಹಿಂದಕ್ಕೆ ಎಳಿ!"

"ಏನಂದೆ? ಇಂಜಿನ್ ಸದ್ದಿಗೆ ಕೇಳಿಸ್ತಿಲ್ಲ!" ಎಂದವಳು ನನ್ನ ಕಡೆ ಬಾಗಿ, "ಬೆರಿಲ್, ಚಹಾಕ್ಕಿಡು" ಎಂದಳು.

"ನಿಜವಾಗ್ಲೂ ನಿಲ್ಸೋಕೆ ಬರಲ್ವೇನೇ?" ನಾನು ಕೇಳಿದೆ.

"ಹನ್ನೊಂದು ವರ್ಷ ನೋಡಿದೀನಿ, ಬರದೆ ಏನು? ಮನಸ್ಸು ಬರ್ತಿಲ್ಲ. ಇಲ್ಲಿ ನಿಂತ್ರೆ ಕಾಲುವೆ ಇಷ್ಟು ಚಂದ ಕಾಣುತ್ತೆ ಅಂತ ಒಂದಿನಾನಾದ್ರೂ ಹೇಳಿದ್ನಾ ನೋಡು."

ಮರಗಳ ನೆರಳೂ ಬಿಸಿಲೂ ಅವಳ ಮುಖದ ಮೇಲೆ ಹಾಯುತ್ತಿದ್ದವು. ಸ್ಕೂಲಿನ ದಿನಗಳಾದ ಮೇಲೆ ಅವಳನ್ನು ಅಷ್ಟು ಹಗುರಾಗಿ ನಾನು ಕಂಡಿರಲಿಲ್ಲ.

ಮುಂದೆ ಒಂದು ಇಟ್ಟಿಗೆಯ ಸೇತುವೆ. ಅದರಡಿ ಕಾಲುವೆ ಕಿರಿದಾಗಿ ದಂಡೆ ಕೈಗೆಟುಕುವಷ್ಟು ಹತ್ತಿರ ಬಂತು. ನಾನು ಚಹಾದ ಮಗ್ಗು, ಚೀಸ್ ಸ್ಯಾಂಡ್‌ವಿಚ್ ಚಾಚಿದೆ. ಮರ್ವಿನ್ ಬೇಕೆಂದರೆ ಒಂದೇ ಹೆಜ್ಜೆಗೆ ಹತ್ತಬಹುದಿತ್ತು. ಅವನು ಚುಕ್ಕಾಣಿಯಲ್ಲಿ ನಿಂತು ಏನೋ ಗುನುಗುತ್ತಿದ್ದ ಹೆಂಡತಿಯನ್ನು ನೋಡಿದ. ಮಗ್ಗು, ಸ್ಯಾಂಡ್‌ವಿಚ್ ಇಸಕೊಂಡು ನಡೆಯುತ್ತಲೇ ಹೋದ.

ಎದುರಿಗೆ ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ಅವನ ಕೈಯ ಮಗ್ಗು ನೋಡಿ, "ದೋಣಿ ಬಿಟ್ಟು ಹೋಯ್ತಾ?" ಎಂದಳು.

"ಇಲ್ಲಮ್ಮ. ಅದನ್ನ ನಡೆಸ್ತಿರೋಳು ನಮ್ಮನೆಯವಳು. ಬೆಳಿಗ್ಗೆಯಿಂದ ಒಂದು ಗೋಡೆಗೂ ತಾಗಿಸಿಲ್ಲ!"

ಇಂಜಿನ್ ಸದ್ದಿನಲ್ಲೂ ಅದು ಅಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳ ಕಿವಿಗಳು ಕೆಂಪಾದವು.

ಎರಡು ಮೈಲಿ ಆದ ಮೇಲೆ ಅವಳು ಹಿಡಿ ಎಳೆದು, ಮೆತ್ತಗೆ ದಂಡೆಗೆ ಒರಗಿಸಿ ದೋಣಿ ನಿಲ್ಲಿಸಿದಳು.

"ಬರಲ್ಲ ಅಂದಿದ್ದೆ?" ಮರ್ವಿನ್ ಏದುಸಿರು ಬಿಡುತ್ತ ಕೇಳಿದ.

"ಈಗಷ್ಟೇ ಕಲಿತೆ."

ಚುಕ್ಕಾಣಿಗೆ ಬರುತ್ತಾನೆಂದುಕೊಂಡು ಅಕ್ಕ ಪಕ್ಕಕ್ಕೆ ಸರಿದಳು. ಅವನು ನೇರ ದೋಣಿಯ ಮುಂಭಾಗಕ್ಕೆ ಹೋಗಿ, ಬೂಟು ಬಿಚ್ಚಿ, ಟೋಪಿಯನ್ನು ಮುಖಕ್ಕೆ ಎಳೆದುಕೊಂಡ. ಮುಂದಿನ ತಿರುವು ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಅಕ್ಕ ಇಂಜಿನ್ ಸದ್ದನ್ನು ಇನ್ನಷ್ಟು ತಗ್ಗಿಸಿದಳು.