ಬೆಳಕಿಗೆ ಬಿಟ್ಟ ಮಾರ್ಜಿನ್

ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಅಂಗಿಯ ತೋಳನ್ನು ಹೆಗಲಿಗೆ ಕೂಡಿಸುತ್ತಿದ್ದ ಅವಳು, ಮಗಳು ಪುಸ್ತಕ ಹಿಡಿದು ಪಕ್ಕಕ್ಕೆ ಬಂದು ಕುಳಿತದ್ದನ್ನು ಕಂಡೂ ಕಾಣದಂತಿದ್ದಳು.

"ಅಮ್ಮಾ, ಬಾಯಲ್ಲಿ ಸೂಜಿ ಇಟ್ಕೊಂಡ್ರೆ ಪಾಠ ತಪ್ಪಿಸ್ಕೋಬಹುದು ಅಂದ್ಕೊಂಡ್ಯಾ? ತೆಗಿ ಅದನ್ನ."

ತೆಗೆದಳು. ಮದುವೆಯ ಗಡಿಬಿಡಿಯಲ್ಲಿ ಬಿಟ್ಟಿದ್ದ ಹನ್ನೆರಡನೇ ತರಗತಿಯನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದಿದ್ದಳು. ಸಂಜೆ ತರಗತಿಯಲ್ಲಿ ಉಳಿದವರೆಲ್ಲ ಮಗಳ ವಯಸ್ಸಿನವರು. ಮೊನ್ನೆ ಬೋರ್ಡಿನ ಮುಂದೆ ಅವಳು ಕಲ್ಲಾಗಿ ನಿಂತಾಗ ಹಿಂದಿನ ಬೆಂಚು ಕಿಸಕ್ಕೆಂದಿತ್ತು. ನಾಳೆ ಗಣಿತದ ಪರೀಕ್ಷೆ. ಇವತ್ತು ಈ ಕನ್ನಡಿಯ ಲೆಕ್ಕ ಬಿಡಿಸಲಾಗದಿದ್ದರೆ ಇನ್ನು ಆ ಕಡೆ ತಲೆ ಹಾಕುವುದಿಲ್ಲವೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದಳು.

"x ಅಕ್ಷವೇ ಕನ್ನಡಿ," ಮಗಳು ಓದಿದಳು. "(1, 2)ರಿಂದ ಹೊರಟ ಬೆಳಕು ಕನ್ನಡಿಗೆ ಬಡಿದು, ವಾಪಸ್ ಹೋಗ್ತಾ (4, 4)ರ ಮೇಲೆ ಹಾಯುತ್ತೆ. ವಾಪಸ್ ಹೋಗೋ ಕಿರಣದ ಸಮೀಕರಣ ಏನು?"

"ಎಲ್ಲಿ ಬಡೀತು ಅಂತ್ಲೇ ಹೇಳಿಲ್ವಲ್ಲೇ!"

"ಅದು ಬೇಕಿಲ್ಲ. ಹೊರಟ ಬಿಂದುವಿನ ಬಿಂಬ ಎಲ್ಲಿದೆ ಹುಡುಕು. ವಾಪಸ್ ಹೋಗೋ ಕಿರಣ ಅಲ್ಲಿಂದಲೇ ನೆಟ್ಟಗೆ ಬಂದ ಹಾಗಿರುತ್ತೆ."

ಅಷ್ಟೇ ತಾನೇ! ಗ್ರಾಫ್ ಹಾಳೆಯನ್ನು ಮಡಿಸಿ, ಬಿಂದುವಿನ ಮೇಲೆ ಸೂಜಿ ಚುಚ್ಚಿ, ಬಿಡಿಸಿದಳು. ಕೆಳಗಡೆ ಮೂಡಿದ ತೂತಿನವರೆಗೆ ಚೌಕ ಎಣಿಸಿದಳು. "ಮೈನಸ್ ಮೂರು."

ಮಗಳು ಹಾಳೆಯನ್ನು ಬೆಳಕಿಗೆ ಹಿಡಿದಳು. ಮಡಿಕೆ ಅಕ್ಷದ ಮೇಲಿರಲಿಲ್ಲ. ಗೆರೆಯಿಂದ ಅರ್ಧ ಚೌಕ ಕೆಳಗಿತ್ತು.

"ಅಮ್ಮಾ! ಹೊಲಿಗೆಗೆ ಅಂತ ಮಾರ್ಜಿನ್ ಬಿಟ್ಟಿದೀಯಲ್ಲೇ!"

ಬೆಳ್ಳುಳ್ಳಿ ಬಿಡಿಸುತ್ತಿದ್ದ ಗಂಡ ಒಳಗಿನಿಂದಲೇ ಕೂಗಿದ: "ಬಿಡ್ಲಿ ಬಿಡೇ. ನಾಳೆ ಬೆಳಕು ದಪ್ಪಗಾದ್ರೆ ಬಿಚ್ಚಿ ಸಡಿಲ ಮಾಡ್ಕೋಬಹುದು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೂ ನಗು ಬಂತು, ಆದರೆ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಹೊಲಿಗೆಗೆಂದು ಬಟ್ಟೆ ಬಿಟ್ಟು ಗೆರೆಯ ಆಚೆಗೇ ಕತ್ತರಿ ಓಡಿಸಿದ ಕೈ, ಗೆರೆಯ ಮೇಲೆ ನಿಲ್ಲು ಎಂದರೆ ಒಂದೇ ಮಾತಿಗೆ ಕೇಳೀತೇ?

ಇನ್ನೊಂದು ಹಾಳೆ ಎಳೆದುಕೊಂಡಳು. ಈ ಸಲ ಉಗುರಿನಿಂದ ತೀಡಿ ಸರಿಯಾಗಿ ಅಕ್ಷದ ಮೇಲೇ ಮಡಿಸಿದಳು. ಬಿಂಬ (1, −2). ಅಲ್ಲಿಂದ (4, 4)ಕ್ಕೆ ಬಲಕ್ಕೆ ಮೂರು, ಮೇಲಕ್ಕೆ ಆರು, ಇಳಿಜಾರು ಎರಡು. y = 2x − 4. ನಾಲ್ಕನ್ನು ಹಾಕಿ ನೋಡಿದಳು: ಎಂಟರಲ್ಲಿ ನಾಲ್ಕು ಹೋದರೆ ನಾಲ್ಕು. ಕೂತಿತು.

ಮಗಳು ಹಾಳೆಗೆ ಕೈ ಚಾಚಿದಳು.

"ತಡಿಯೇ. ಎಲ್ಲಿ ಬಡೀತು ಅಂತ್ಲೂ ಹೇಳ್ತೀನಿ. y ಸೊನ್ನೆ ಆದ್ರೆ x ಎರಡು. (2, 0)."

"ಅದನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ."

"ಏನು ಪ್ರೊಫೆಸರಮ್ಮ," ಗಂಡ ಬಾಗಿಲಿಗೆ ಬಂದು ನಿಂತ, "ನಾಳೆ ಹೋಗೋದು ತಾನೇ?"

"ನೋಡೋಣ," ಎಂದು ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ನೋಡುವುದೇನೂ ಉಳಿದಿರಲಿಲ್ಲ. ನಾಳೆಯ ಪರೀಕ್ಷೆಯಷ್ಟೇ ಅಲ್ಲ, ಇದು ಮುಗಿದ ಮೇಲೆ ಡಿಗ್ರಿಗೂ ಸೇರುವುದು, ಅದೂ ಗಣಿತಕ್ಕೇ ಎಂದು ಆಗಲೇ ತೀರ್ಮಾನಿಸಿದ್ದಳು. ಈಗಲೇ ಬಾಯಿ ಬಿಟ್ಟರೆ ಈ ಇಬ್ಬರ ಗೇಲಿಗೆ ಮೂರು ವರ್ಷದ ಮೇವು ಒದಗಿಸಿದಂತಾಗುತ್ತಿತ್ತು. ಸೂಜಿಗಳನ್ನು ಮತ್ತೆ ತುಟಿಗಳ ನಡುವೆ ಇಟ್ಟುಕೊಂಡಳು.