ಗಾಳಿಯ ಕುರ್ಚಿ

ಒಂಟಿಕಂಬವೆಂಬ ಬಂಡೆಯ ನೆತ್ತಿಯ ಮೇಲೆ ಕುರ್ಚಿಯಕ್ಕ ಕಾಲೂರಿದ್ದು ಈಗ ಬಹಳ ಹಿಂದಿನ ಮಾತು. ಆಗ ಅವಳ ತಲೆಯಲ್ಲಿ ನರೆ ಇಣುಕತೊಡಗಿತ್ತಷ್ಟೆ. ಈಗ ಕಪ್ಪು ಕೂದಲನ್ನೇ ಹುಡುಕಬೇಕು. ಆದರೂ ಅಂಗಡಿಯ ಹಿಂಬದಿಯ ಕಿಟಕಿಯಿಂದ ಆ ಬಂಡೆ ಕಣ್ಣಿಗೆ ಬಿದ್ದಾಗಲೆಲ್ಲ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸೋಫಾ, ಕುರ್ಚಿಗಳಿಗೆ ಮೆತ್ತೆ ಬಿಗಿಯುವ ಕೈಗಳಿಂದ, ಆ ವಯಸ್ಸಿನಲ್ಲಿ, ಅದನ್ನು ಹತ್ತಿದವಳು ಅವಳೊಬ್ಬಳೇ. ಆ ಹೆಮ್ಮೆಯನ್ನು ಅವಳು ಮುಚ್ಚಿಡುವವಳೂ ಅಲ್ಲ. ಮೊಮ್ಮಗಳು ಬಂದು ಮೆತ್ತೆಯ ರಾಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಸಾಕು, ಕೈಯಲ್ಲಿದ್ದ ಸುತ್ತಿಗೆ ಕೆಳಗಿಳಿಯುತ್ತದೆ, ಕತೆ ಮೇಲೇಳುತ್ತದೆ.

ಆ ಬಂಡೆ ಗುಡ್ಡಸಾಲಿನಿಂದ ಮುನಿಸಿಕೊಂಡು ದೂರ ಸರಿದಂತೆ ಒಂಟಿಯಾಗಿ ನಿಂತಿತ್ತು. ಬೆಳಗಿನ ಮಂಜು ಬುಡವನ್ನು ನುಂಗಿದಾಗ ಊರಿನ ಹೆಂಚುಗಳ ಮೇಲೆ ಅದು ತೇಲುತ್ತಿರುವಂತೆ ಕಾಣುತ್ತಿತ್ತು. ಕುರ್ಚಿಯಕ್ಕ ರಜೆಯ ದಿನಗಳಲ್ಲಿ ಸುತ್ತಲಿನ ಗುಡ್ಡಗಳನ್ನೆಲ್ಲ ಕೈಕಾಲು ಊರಿಕೊಂಡು, ಹಗ್ಗದ ಹಂಗಿಲ್ಲದೆ ಹತ್ತಿ ಮುಗಿಸಿದ್ದಳು. ಕಂಬದ ಬುಡಕ್ಕೆ ಬಂದಾಗ ಮಾತ್ರ ಕೈಕಾಲುಗಳ ವಿದ್ಯೆ ಮುಗಿದುಹೋಗುತ್ತಿತ್ತು.

“ಇಷ್ಟು ವರ್ಷ ಅದು ನನ್ನ ನೋಡ್ತಾ ಇದೆ,” ಎಂದಿದ್ದಳು ಗಂಡನಿಗೆ. “ಒಂದೇ ಒಂದ್ಸಲ ಅಲ್ಲಿ ನಿಂತು ನಾನು ನನ್ನ ಕಿಟಕಿ ನೋಡ್ಬೇಕು.”

“ಮಂಚದಿಂದ ಇಳಿಯೋವಾಗ್ಲೇ ಮಂಡಿ ಹಿಡ್ಕೊಂಡು ಅಯ್ಯೋ ಅಂತೀಯ. ಅಲ್ಲಿ ಹೋಗಿ ಏನಂತೀಯ?”

“ಅಯ್ಯೋ ಅಂತಲೇ ಅಂತೀನಿ. ಮೇಲೆ ನಿಂತು ಅಂತೀನಿ. ನೀವು ಭಾನುವಾರ ಕಿಟಕೀಲಿ ಆ ಕೆಂಪು ಮಖಮಲ್ ಬಟ್ಟೆ ಕಟ್ಟಿ, ಅಷ್ಟು ಸಾಕು.”

ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದನ್ನು ಶನಿವಾರ, ಭಾನುವಾರ ಕಲಿಸುವ ಗೈಡ್ ಒಬ್ಬಳಿದ್ದಳು. ಉದ್ದನೆಯ ಕೈಕಾಲುಗಳ, ಮೃದು ಮಾತಿನ ಹೆಂಗಸು. ಎಲ್ಲರ ಬಾಯಲ್ಲೂ ಜೇಡಮ್ಮ. ಶನಿವಾರ ಬೆಳಿಗ್ಗೆ ಅವಳು ಸೊಂಟಕ್ಕೂ ತೊಡೆಗಳಿಗೂ ಬಿಗಿದು ಹಗ್ಗ ಕಟ್ಟುವ ಪಟ್ಟಿಯನ್ನು ಕೈಗಿತ್ತಾಗ ಕುರ್ಚಿಯಕ್ಕ ಅದನ್ನು ತೊಡುವ ಬದಲು ಮಗುಚಿ ಹೊಲಿಗೆಗಳನ್ನು ಉಗುರಿನಿಂದ ಕೆರೆದು ನೋಡಿದಳು.

“ಯಾರು ಹೊಲಿದಿದ್ದೋ, ಕೈ ಚೆನ್ನಾಗಿದೆ.”

“ಅಬ್ಬ, ಪಾಸಾಯ್ತಲ್ಲ! ಇನ್ನು ಹಾಕ್ಕೊಳ್ಳಿ ಅಕ್ಕಾ.”

ಆ ದಿನದ ಪಾಠ ನಡೆದದ್ದು ಕಂಬದ ಹತ್ತಿರದ ಒಂದು ಕುಳ್ಳು ಬಂಡೆಯ ಮೇಲೆ. ಹತ್ತುವುದರಲ್ಲಿ ಕುರ್ಚಿಯಕ್ಕ ಬೇಗ ಕೈ ಪಳಗಿಸಿಕೊಂಡಳು. ಮಂಡಿಯೂರುವ ಹಳೆಯ ಚಾಳಿಯನ್ನು ಬಿಡಿಸಲು ಜೇಡಮ್ಮ “ಮಂಡಿ! ಮಂಡಿ!” ಎಂದು ಕೂಗಬೇಕಾಯಿತಷ್ಟೆ. ತೊಡಕಾದದ್ದು ಇಳಿಯುವಾಗ. ಹಗ್ಗಕ್ಕೆ ಮೈಯನ್ನೆಲ್ಲ ಕೊಟ್ಟು, ಬಯಲಿನತ್ತ ಬೆನ್ನು ಚಾಚಿ, ಬಂಡೆಗೆ ಪಾದವೂರಿ ಹಿಂದಕ್ಕೆ ಹೆಜ್ಜೆಯಿಡಬೇಕು. ಜೇಡಮ್ಮ ಮೇಲೆ ನಿಂತು ಹಗ್ಗ ಬಿಡುತ್ತ ಹೋಗುತ್ತಾಳೆ. ಆದರೆ ಹಗ್ಗವಿಲ್ಲದೆ ಬೆಳೆದ ಕೈಗಳು ಕೇಳಬೇಕಲ್ಲ! ಅವು ಬಂಡೆಯನ್ನು ಬಾಚಿ ತಬ್ಬಿದವು. ತಬ್ಬಿದಷ್ಟೂ ಪಾದ ಜಾರಿತು. ಗೆಣ್ಣುಗಳು ತರಚಿದವು. ಹಗ್ಗ ಕೆಲಸವಿಲ್ಲದ ನೆಂಟನಂತೆ ಪಕ್ಕದಲ್ಲಿ ಸಡಿಲವಾಗಿ ಜೋತಾಡಿತು.

ಸಂಜೆಯವರೆಗೂ ಅದೇ ಹಾಡು. ಕೊನೆಗೆ ಜೇಡಮ್ಮ ಚಹಾದ ಲೋಟವನ್ನು ಅವಳ ಕೈಗಿಟ್ಟು ಮೆಲ್ಲಗೆ ಹೇಳಿದಳು:

“ಅಕ್ಕಾ, ಕಂಬದಿಂದ ಇಳಿಯೋ ಕಡೆ ಬಂಡೆ ಕನ್ನಡಿ ಥರ. ತಬ್ಬಿಕೊಳ್ಳೋಕೆ ಅಲ್ಲೇನೂ ಇಲ್ಲ. ನಾಳೆ ಬೆಳಿಗ್ಗೆ ಇಲ್ಲಿ ಹಿಂದಕ್ಕೆ ವಾಲಿದ್ರೆ ಮಾತ್ರ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ.”

ಭಾನುವಾರ ಬೆಳಗಾದಾಗ ಹಾಲು ಚೆಲ್ಲಿದಂತೆ ಮಂಜು. ಕುಳ್ಳು ಬಂಡೆಯ ಅಂಚಿನಲ್ಲಿ ಕುರ್ಚಿಯಕ್ಕ ಬಯಲಿಗೆ ಬೆನ್ನು ಮಾಡಿ ನಿಂತಳು. ಕೈ ಮತ್ತೆ ಬಂಡೆಯನ್ನೇ ಹುಡುಕಿತು. ಆ ಹೊತ್ತಿಗೆ ಊರಿನಲ್ಲಿ ಕೆಂಪು ಬಟ್ಟೆಯನ್ನು ಕಿಟಕಿಗೆ ಕಟ್ಟಿಯಾಗಿರುತ್ತದೆ ಎಂಬ ನೆನಪು ಬಂತು.

“ಅಂಗಡೀಲಿ ಒಂದು ಕುರ್ಚಿ ಕೆಲ್ಸ ಮುಗಿದ್ಮೇಲೆ ಏನ್ಮಾಡ್ತೀರಿ?” ಜೇಡಮ್ಮ ಕೇಳಿದಳು, ಹಗ್ಗದ ಮೇಲಿಂದ ಕಣ್ಣು ತೆಗೆಯದೆ.

“ಕೂತು ನೋಡ್ತೀನಿ. ನಾನು ಕೂರದೆ ಗಿರಾಕಿಗೆ ಕೊಡಲ್ಲ.”

“ಮೆಲ್ಲಗೆ ಕೂರ್ತೀರಾ?”

“ಮೆಲ್ಲಗೆ ಕೂತ್ರೆ ಏನ್ ಮಣ್ಣು ಗೊತ್ತಾಗತ್ತೆ? ಅರ್ಧ ಭಾರ ಕಾಲ ಮೇಲಿದ್ರೆ ಕುರ್ಚಿ ಸುಳ್ಳು ಹೇಳತ್ತೆ. ಎರಡೂ ಕಾಲು ಹಗುರ ಮಾಡಿ ಧೊಪ್ ಅಂತ—”

ಮಾತು ಅಲ್ಲೇ ನಿಂತಿತು. ಕುರ್ಚಿಯಕ್ಕ ತೊಡೆಯ ಪಟ್ಟಿಯ ಹೊಲಿಗೆಯನ್ನೊಮ್ಮೆ ಹೆಬ್ಬೆರಳಿನಿಂದ ಸವರಿದಳು. ಆಮೇಲೆ, ಅಂಗಡಿಯಲ್ಲಿ ದಿನವೂ ಮಾಡುವಂತೆ, ಹಿಂದೆ ತಿರುಗಿಯೂ ನೋಡದೆ, ಕೂತಳು.

ಹಗ್ಗ ಒಮ್ಮೆ ಗುಂಯ್‌ಗುಟ್ಟಿ ಬಿಗಿಯಿತು. ಪಾದಗಳು ಬಂಡೆಗೆ ಅಂಟಿಕೊಂಡವು.

“ಪಾಸಾಯ್ತಾ?” ಮೇಲಿನಿಂದ ಜೇಡಮ್ಮನ ದನಿ ಕೇಳಿತು.

“ಬೆನ್ನಿಗೆ ಇನ್ನೊಂಚೂರು ಹತ್ತಿ ತುಂಬಬಹುದಿತ್ತು,” ಎಂದಳು ಕುರ್ಚಿಯಕ್ಕ.

ಕಂಬವನ್ನು ಹತ್ತಿದ ಹೊತ್ತು ಅವಳ ನೆನಪಿನಲ್ಲಿ ಇಂದಿಗೂ ಕನಸಿನಂತೆ ಹರಡಿದೆ. ಮಂಜಿನಲ್ಲಿ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಮೂಗಿನ ಮುಂದೆ ತೇವದ ಕಲ್ಲು, ಬೆರಳಿಗೆ ಸಿಕ್ಕ ಬಿರುಕು, ಎಲ್ಲಿಗೋ ಮೇಲೇರಿ ಮಾಯವಾಗುವ ಹಗ್ಗ. ಆ ಹಗ್ಗದ ತುದಿಯಲ್ಲಿ ಜೇಡಮ್ಮ ಇದ್ದಾಳೆಂಬುದಕ್ಕೆ ಆಗಾಗ ಬರುವ ಮೆಲುವಾದ ಎಳೆತವೊಂದೇ ಸಾಕ್ಷಿ. ನಡುವೆ ಒಂದೆಡೆ ಕೈಗೆ ಏನೂ ಎಟುಕಲಿಲ್ಲ. ಹಿಂದಿನ ದಿನದವಳಾಗಿದ್ದರೆ ಅಲ್ಲೇ ಕಲ್ಲಿಗೆ ಕೆನ್ನೆಯಿಟ್ಟು ಅಂಟಿಕೊಂಡುಬಿಡುತ್ತಿದ್ದಳು. ಈ ಸಲ ಎದೆಯನ್ನು ಬಂಡೆಯಿಂದ ದೂರ ಸರಿಸಿ, ಭಾರವನ್ನು ಪಾದಕ್ಕೆ ಬಿಟ್ಟು, ಸುಮ್ಮನೆ ಎದ್ದು ನಿಂತಳು. ಎಟುಕಿತು.

ನೆತ್ತಿ ಒಂದು ಚಾಪೆಯಷ್ಟಗಲ. ಅವಳು ನಿಂತು ಉಸಿರೆಳೆದುಕೊಳ್ಳುವಷ್ಟರಲ್ಲಿ ಯಾರೋ ಹೊದಿಕೆ ಎಳೆದಂತೆ ಮಂಜು ಸರಿಯಿತು. ದೂರದಲ್ಲಿ ಊರು. ಹೆಂಚುಗಳ ನಡುವೆ, ಬಟ್ಟೆಗೆ ಅಂಟಿ ಉಳಿದ ದಾರದ ಚೂರಿನಂಥ ಒಂದು ಕೆಂಪು. ನೋಡುತ್ತಿದ್ದಂತೆ ಅದು ಅಲುಗಿತು. ಗಾಳಿಯ ಸುಳಿವೇ ಇರಲಿಲ್ಲ.

“ಅಯ್ಯೋ!” ಎಂದಳು, ಗಂಡನಿಗೆ ಕೊಟ್ಟ ಮಾತಿನಂತೆ.

ಆಮೇಲೆ ಇಳಿಯುವ ಅಂಚಿಗೆ ಬಂದು ಬೆನ್ನು ತಿರುಗಿಸಿದಳು. ಎರಡೂ ಕಾಲು ಹಗುರ ಮಾಡಿ ಕೂತಳು. ಕನ್ನಡಿಯಂಥ ಕಲ್ಲಿನ ಮೇಲೆ ಪಾದಗಳು ಒಂದರ ಹಿಂದೊಂದು ಸದ್ದಿಲ್ಲದೆ ಇಳಿದವು. ಅಡಿಯಲ್ಲಿ ಇನ್ನೂ ಕರಗದ ಮಂಜು, ಸುತ್ತ ಆಕಾಶ. ಅವಳು ಜೀವಮಾನದಲ್ಲಿ ಕೂತು ನೋಡಿದ ಆಸನಗಳಲ್ಲೆಲ್ಲ ಅದರಷ್ಟು ವಿಶಾಲವಾದದ್ದು ಇನ್ನೊಂದಿರಲಿಲ್ಲ.

“ತಾತ ಆ ಬಟ್ಟೆ ಬೀಸ್ತಾ ಇದ್ರಲ್ವಾ?” ಮೊಮ್ಮಗಳು ಕೇಳಿದಳು.

“ಬೆಳಗಾದಾಗಿಂದ ಬೀಸ್ತಿದ್ರಂತೆ. ಮಂಜಿನಲ್ಲಿ ಯಾರಿಗೆ ಕಾಣ್ಬೇಕು? ಆಮೇಲೆ ಒಂದು ವಾರ ಲೋಟ ಎತ್ತೋಕೂ ಆಗ್ತಿರ್ಲಿಲ್ಲ, ಭುಜ ನೋವು. ಬಂಡೆ ಹತ್ತಿದ್ದು ನಾನು, ಎಣ್ಣೆ ತಿಕ್ಕಿಸ್ಕೊಂಡಿದ್ದು ಅವರು!”

ಹುಡುಗಿ ನಕ್ಕು ಮೆತ್ತೆಗಳ ರಾಶಿಯಿಂದ ಜಿಗಿದಳು. ಕೆಲಸ ಮುಗಿದ ಹೊಸ ಕುರ್ಚಿಯೊಂದು ಕಿಟಕಿಯ ಬಳಿ ಗಿರಾಕಿಗಾಗಿ ಕಾಯುತ್ತಿತ್ತು. ಅದಕ್ಕೆ ಬೆನ್ನು ಮಾಡಿ ನಿಂತಳು. ಒಮ್ಮೆ ಹಿಂದೆ ತಿರುಗಿ ನೋಡಬೇಕೆನಿಸಿದ್ದನ್ನು ತಡೆದುಕೊಂಡಳು. ಎರಡೂ ಕಾಲು ಎತ್ತಿ ಧೊಪ್ಪೆಂದು ಕೂತಳು. ಕಿಟಕಿಯಾಚೆ ಒಂಟಿಕಂಬದ ಬುಡವನ್ನು ಮಂಜು ಆಗಲೇ ನುಂಗುತ್ತಿತ್ತು.

“ಅಜ್ಜೀ,” ಎಂದಳು, ಕಾಲನ್ನು ಇನ್ನೂ ಕೆಳಗಿಳಿಸದೆ, “ಗಾಳೀಲಿ ಕೂತ್ಕೊಂಡ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು.”